ವಿನ್ಯಾಸ ದತ್ತಾಂಶದ ರಕ್ಷಣೆ ಮತ್ತು ಪುನರ್ಬಳಕೆ

ಶಾಸನವೊಂದು ಅಳಿಯದೆ ಉಳಿದರೆ ಸಾಲದು, ಅದರ ಲಿಪಿಯನ್ನು ಬಲ್ಲವರೂ ಇರಬೇಕೆಂಬುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಹೊಸತಲ್ಲ. ಎಂಜಿನಿಯರರು ಗಣಕಯಂತ್ರದಲ್ಲಿ ಸಂಗ್ರಹಿಸುವ ವಿನ್ಯಾಸಗಳಿಗೂ ಈ ಮಾತು ಸಲ್ಲುತ್ತದೆಂಬುದನ್ನು ಪ್ರಕೃತ ಲೇಖನದಲ್ಲಿ ವಿಶದಪಡಿಸಲು ಯತ್ನಿಸಿದ್ದೇವೆ.

ಕಾಗದದ ನಕ್ಷೆಗಳ ಕಾಲದಲ್ಲಿ ಹಳೆಯ ವಿನ್ಯಾಸವನ್ನು ಮತ್ತೆ ಬಳಸಬೇಕಾದರೆ ಅದನ್ನು ಪ್ರತಿಮಾಡಿ ತಿದ್ದಬೇಕಾಗಿತ್ತು. 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಐವನ್ ಸದರ್ಲೆಂಡ್ ಅವರು ಸಲ್ಲಿಸಿದ ಪ್ರೌಢಪ್ರಬಂಧವು ಬೇರೊಂದು ಮಾರ್ಗವನ್ನು ತೋರಿತು. ಅವರು ರಚಿಸಿದ 'ಸ್ಕೆಚ್‌ಪ್ಯಾಡ್' ತಂತ್ರಾಂಶದಲ್ಲಿ ಒಂದು ಮೂಲಚಿತ್ರದ ಪ್ರತಿರೂಪಗಳನ್ನು ಹಲವು ಕಡೆ ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದೊಡನೆ ಪ್ರತಿರೂಪಗಳೆಲ್ಲವೂ ತಾವಾಗಿಯೇ ಬದಲಾಗುತ್ತಿದ್ದವು. ಪುನರ್ಬಳಕೆಯ ತತ್ತ್ವದ ಬೀಜವನ್ನು ಇಲ್ಲಿಯೇ ಕಾಣಬಹುದು. 1994ರ ಜೂನ್ 12ರಂದು ಮೊದಲ ಬಾರಿಗೆ ಹಾರಿದ ಬೋಯಿಂಗ್ 777 ವಿಮಾನದ ಭಾಗಗಳು ಪರಸ್ಪರ ಹೊಂದುವುವೇ ಎಂಬುದನ್ನು ಗಣಕದಲ್ಲಿಯೇ ಪರೀಕ್ಷಿಸಿದ್ದರು.

ಭಾಗಗಳು ಸಾವಿರಾರು ಆದಾಗ ಸಂಗ್ರಹಕ್ಕೆ ವ್ಯವಸ್ಥೆ ಅವಶ್ಯ. ಗ್ರಂಥಸಂಪಾದಕನು ಪಾಠಾಂತರಗಳನ್ನು ಗುರುತಿಸುವಂತೆ, ದತ್ತಾಂಶವನ್ನು ನಿರ್ವಹಿಸುವ ತಂತ್ರಾಂಶವು ಯಾವ ಭಾಗವನ್ನು ಯಾರು, ಎಂದು ತಿದ್ದಿದರು, ಅಂಗೀಕೃತವಾದ ಆವೃತ್ತಿ ಯಾವುದು, ಆ ಭಾಗ ಬೇರೆಲ್ಲಿ ಬಳಕೆಯಾಗಿದೆ ಎಂಬುದನ್ನು ದಾಖಲಿಸುತ್ತದೆ.

ಆದರೆ ಓದುವ ಬಗೆಯಲ್ಲಿ ಏಕರೂಪತೆ ಇಲ್ಲದಿದ್ದರೆ ಸಂಗ್ರಹವು ನಿಷ್ಫಲ. 2006ರಲ್ಲಿ ಏರ್‌ಬಸ್ ಎ380 ವಿಮಾನಕ್ಕೆ ಒದಗಿದ ವಿಘ್ನವೇ ಇದಕ್ಕೆ ನಿದರ್ಶನ. ಆ ವಿಮಾನವೊಂದರಲ್ಲಿ ಸುಮಾರು 530 ಕಿಲೋಮೀಟರು ಉದ್ದದ ವಿದ್ಯುತ್ ತಂತಿಯಿದೆ. ಹ್ಯಾಂಬರ್ಗಿನಲ್ಲಿ ಸಿದ್ಧವಾದ ತಂತಿಯ ಕಟ್ಟುಗಳು ತುಲೂಸಿನಲ್ಲಿ ಜೋಡಿಸುವಾಗ ಸರಿಹೊಂದಲಿಲ್ಲ. ಜರ್ಮನರು 'ಕ್ಯಾಟಿಯಾ' ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನೂ ಫ್ರೆಂಚರು ಐದನೆಯದನ್ನೂ ಬಳಸುತ್ತಿದ್ದುದು ಇದರ ಒಂದು ಮುಖ್ಯ ಕಾರಣ. ಪರಿಣಾಮವಾಗಿ ವಿಮಾನಗಳ ಪೂರೈಕೆ ಸುಮಾರು ಎರಡು ವರ್ಷ ಹಿಂದೆ ಬಿದ್ದಿತು.

ಇಂತಹ ತೊಡಕಿನ ನಿವಾರಣೆಗಾಗಿ ಯಾವುದೊಂದು ತಂತ್ರಾಂಶಕ್ಕೂ ಕಟ್ಟುಬೀಳದ ಸಾಮಾನ್ಯ ರೂಪಗಳನ್ನು ಮೊದಲೇ ರೂಪಿಸಿದ್ದರು: 1980ರಲ್ಲಿ 'ಐಜಿಇಎಸ್', 1994ರಲ್ಲಿ 'ಸ್ಟೆಪ್' ಎಂಬ ಅಂತರರಾಷ್ಟ್ರೀಯ ಮಾನಕ. ಇವುಗಳಿಂದ ಆಕಾರವೇನೋ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗುತ್ತದೆ. ಆದರೆ ಆ ಆಕಾರವನ್ನು ಯಾವ ಕ್ರಮದಲ್ಲಿ, ಯಾವ ಉದ್ದೇಶದಿಂದ ರಚಿಸಿದರೆಂಬುದು ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ. ಹೀಗಾಗಿ ಪಡೆದವನು ನೋಡಬಲ್ಲನೇ ಹೊರತು ಸುಲಭವಾಗಿ ತಿದ್ದಲಾರನು.

ವಿಮಾನವು ಮೂವತ್ತು ವರ್ಷ ಹಾರಬಹುದು. ಅದನ್ನು ರೂಪಿಸಿದ ತಂತ್ರಾಂಶದ ಆವೃತ್ತಿ ಅಷ್ಟು ಕಾಲ ಬಾಳುವುದು ವಿರಳ. ಆದುದರಿಂದ ಆಕಾರದೊಡನೆ ಕಾರಣವನ್ನೂ ಬರೆದಿಡುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ನಾಳೆ ಆ ಭಾಗವನ್ನು ದುರಸ್ತಿಮಾಡುವ ಎಂಜಿನಿಯರನಿಗೂ ಅದರ ಇತಿಹಾಸವನ್ನು ಬರೆಯುವವನಿಗೂ ಬೇಕಾದ ಆಕರ ಒಂದೇ.