ಅಕ್ಷರ ಪಲ್ಲಟದ ಒಗಟು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಅದರ ಹೆಸರು ಕೆಳಗಿನ ವಾಕ್ಯದಲ್ಲಿ ಅಡಗಿದೆ. ವಾಚಕರೇ, ಸೀಸದ ಕಡ್ಡಿ ಹಿಡಿದು ನೋಡಿರಿ:

ಹಬ್ಗಿಜಪ್ಪಿ ಗಪ್ಪಿರೆ, ಗಪ್ಪಿಟಪ್ಪಿ ಗಡೆಜಿರೆ.

ನಿಯಮ ಇಷ್ಟೆ: ಒಂದು ವ್ಯಂಜನದ ಸ್ಥಾನದಲ್ಲಿ ಇನ್ನೊಂದು ನಿಂತಿದೆ, ಎಲ್ಲೆಡೆಯೂ ಅದೇ ಪಲ್ಲಟ. ಸ್ವರಗಳು ಮಾತ್ರ ಬದಲಾಗಿಲ್ಲ.

ಮೊದಲು ಪದಗಳ ಬಾಲವನ್ನು ಹಿಡಿಯಿರಿ. ಎರಡು ಪದಗಳು ‘ಪ್ಪಿ’ ಎಂದು ಮುಗಿದಿವೆ. ಕನ್ನಡದಲ್ಲಿ ಹೀಗೆ ಒತ್ತಿನೊಡನೆ ಮತ್ತೆ ಮತ್ತೆ ಕೊನೆಗೆ ಬರುವುದು ಸಪ್ತಮೀ ವಿಭಕ್ತಿಯ ‘ಅಲ್ಲಿ’. ಹಾಗಾದರೆ ‘ಪ’ ಎಂದರೆ ‘ಲ’. ಅದರ ಹಿಂದಿನ ಜ, ಟ ಎಂಬುವು ಯ, ನ ಇರಬಹುದು. ವಾಕ್ಯದ ತುದಿಯ ‘ಇರೆ’ಯು ‘ಇದೆ’ ಆದೀತು.

ಈಗ ‘ಗಪ್ಪಿರೆ’ಯಲ್ಲಿ ಮೊದಲಕ್ಷರವೊಂದೇ ಉಳಿಯಿತು. ನನ್ನ ತರಗತಿಯ ಹುಡುಗನೊಬ್ಬ ‘ಹಲ್ಲಿದೆ’ ಎಂದು ಬರೆದ; ಅಳಿಸೆಂದರೆ ಒಲ್ಲೆನೆಂದ. “ಹಾಗಾದರೆ ಮೊದಲ ಪದದಲ್ಲೂ ‘ಗ’ ಇದೆಯಲ್ಲ? ಹಕಾರ ಒತ್ತಾಗಿ ಬರುವ ಊರು ನಮ್ಮ ದಾರಿಯಲ್ಲಿ ಯಾವುದಪ್ಪಾ?” ಎಂದೆ. ಬಹಳ ಹೊತ್ತು ಯೋಚಿಸಿ ತಾನೇ ಅಳಿಸಿದ. ‘ಕ’ ಇಟ್ಟೊಡನೆ ಕಲ್ಲೂ ಬಂತು, ಮಸ್ಕಿಯೂ ಬಂತು. ಕಡೆಯ ಪದ ‘ಕಲೆಯಿದೆ’ ಆಗದು, ‘ಲ’ದ ಲೆಕ್ಕ ಆಗಲೇ ಮುಗಿದಿದೆ, ಅರ್ಥ ನೋಡಿ ‘ಕತೆಯಿದೆ’ ಎಂದುಕೊಳ್ಳಬೇಕು. ಮಸ್ಕಿಯಲ್ಲಿ ಕಲ್ಲಿದೆ, ಕಲ್ಲಿನಲ್ಲಿ ಕತೆಯಿದೆ.

ಆ ಕತೆಯೂ ಇಂಥ ಒಗಟೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಸಾಂಚಿಯ ಚಿಕ್ಕ ಶಾಸನಗಳೆಲ್ಲ ಒಂದೇ ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡು, ಅದು ‘ದಾನಂ’ ಇರಬೇಕೆಂದು ಊಹಿಸಿದರು. ಬ್ರಾಹ್ಮೀ ಲಿಪಿಯ ಬೀಗಕ್ಕೆ ಕೀಲಿಕೈ ಸಿಕ್ಕಿತು. ಅವರೂ ಬಾಲವನ್ನೇ ಹಿಡಿದರು! ಶಾಸನಗಳ ‘ದೇವಾನಾಂಪಿಯ’ ಎಂಬಾತ ಸಿಂಹಳದ ಅರಸನೆಂದು ಅವರು ಮೊದಲು ಎಣಿಸಿದ್ದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥದ ಆಧಾರದಿಂದ ಆತ ಅಶೋಕನೆಂದು ತಿಳಿಸಲು, ತಿದ್ದಿಕೊಂಡರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಆ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಊಹೆಗೆ ಕಲ್ಲು ಸಾಕ್ಷಿ ನುಡಿಯಿತು.

ಇಂದು ಸಂಜೆ ಮನೆಯ ಮಕ್ಕಳಿಗೆ ಇಂಥದೊಂದು ವಾಕ್ಯ ಕಟ್ಟಿಕೊಡಿರಿ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೇಸತ್ತವರು ಅವನ್ನೇ ಹುಡುಕಿಕೊಂಡು ಹೋಗುವರು. ಊಹಿಸಲು ಅಂಜದಿರಲಿ, ತಾಳೆಯಾಗದಿದ್ದರೆ ಅಳಿಸಲು ನಾಚದಿರಲಿ.