ಕೀಮೋಥೆರಪಿ ಔಷಧಗಳಿಂದ ಉಂಟಾಗುವ ತೀವ್ರ ಚರ್ಮ ಪ್ರತಿಕ್ರಿಯೆಗಳು

ಸ್ತನ ಹಾಗೂ ಕರುಳಿನ ಕ್ಯಾನ್ಸರಿಗೆ ನೀಡಲಾಗುವ ಕ್ಯಾಪೆಸಿಟಬಿನ್ ಮಾತ್ರೆಯಿಂದ ಅನೇಕ ರೋಗಿಗಳ ಅಂಗೈ, ಅಂಗಾಲುಗಳು ಕೆಂಪಾಗಿ, ಉರಿದು, ಸಿಪ್ಪೆ ಸುಲಿಯುವುದುಂಟು. ನೋವಿನಿಂದ ನಡೆಯಲು ಕಷ್ಟವಾದಲ್ಲಿ ಮುಂದಿನ ಮಾತ್ರೆ ಸೇವಿಸುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಔಷಧವನ್ನು ಕೆಲದಿನ ತಡೆಹಿಡಿದು, ಅಗತ್ಯವಿದ್ದಲ್ಲಿ ಪ್ರಮಾಣ ತಗ್ಗಿಸಿ ಚಿಕಿತ್ಸೆ ಮುಂದುವರಿಸಲು ಸಾಮಾನ್ಯವಾಗಿ ಸಾಧ್ಯವಿದೆ. ಚಿಕಿತ್ಸೆ ನಿಂತೀತೆಂಬ ಭಯದಿಂದ ನೋವನ್ನು ಮುಚ್ಚಿಡುವುದೇ ಹೆಚ್ಚು ಅಪಾಯಕರ.

ವಿರಳವಾದರೂ ಪ್ರಾಣಾಪಾಯಕಾರಿಯಾದ ಸ್ಥಿತಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಜ್ವರದೊಂದಿಗೆ ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ, ಮೈಮೇಲೆ ಗುಳ್ಳೆಗಳೆದ್ದು ಚರ್ಮ ಕಳಚತೊಡಗಿದಲ್ಲಿ ತಡಮಾಡದೆ ಆಸ್ಪತ್ರೆಗೆ ದಾಖಲಾಗಬೇಕು. ಸೇವಿಸುತ್ತಿದ್ದ ಎಲ್ಲ ಔಷಧಗಳ ಚೀಟಿಗಳನ್ನೂ ಜೊತೆಗೆ ಒಯ್ಯುವುದು. ಕೀಮೋಥೆರಪಿಯೊಂದಿಗೆ ಕೊಡುವ ಅಲೋಪ್ಯುರಿನಾಲ್ ಮಾತ್ರೆಯೂ ಇದಕ್ಕೆ ಕಾರಣವಾಗಿರಬಹುದು.

ಇಂತಹ ಪ್ರತಿಕ್ರಿಯೆಗಳನ್ನು ರೋಗಿಯ ಮನೆಯವರೂ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದಾಗಿದೆ.