ಬೈಂಡಿಂಗಿಗೆ ಕೊಡುವ ಮುನ್ನ: ಸಂಪ್ರಬಂಧದ ಕರಡು ತಿದ್ದುವ ಬಗೆ

ಎಂ.ಇಡ್. ಸಂಪ್ರಬಂಧದ ಕೊನೆಯ ಹದಿನೈದು ದಿನಗಳು ಹೇಗಿರುತ್ತವೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಐದನೆಯ ಅಧ್ಯಾಯ ಈಗಷ್ಟೇ ಮುಗಿದಿರುತ್ತದೆ, ಬೈಂಡಿಂಗಿನವರು ಎರಡು ದಿನ ಬೇಕೆನ್ನುತ್ತಾರೆ, ಕರಡು ತಿದ್ದಲು ಉಳಿಯುವುದು ಒಂದು ರಾತ್ರಿ. ಪ್ರಶಿಕ್ಷಣಾರ್ಥಿಗಳು ಮೊದಲ ಪುಟದಿಂದ ಕಾಗುಣಿತ ನೋಡುತ್ತಾ ಹೊರಟು, ಮೂರನೆಯ ಅಧ್ಯಾಯದ ಹೊತ್ತಿಗೆ ತೂಕಡಿಸುತ್ತಾರೆ. ಫಲಿತಾಂಶವಿರುವ ನಾಲ್ಕನೆಯ ಅಧ್ಯಾಯ ಹಾಗೆಯೇ ಉಳಿಯುತ್ತದೆ. ನನ್ನ ಮಾರ್ಗದರ್ಶನದಲ್ಲಿ ಬರೆಯುವವರಿಗೆ ನಾನು ಇದನ್ನು ತಿರುಗಿಸಿ ಹೇಳುತ್ತೇನೆ: ಮೊದಲು ಕೋಷ್ಟಕ, ಆಮೇಲೆ ಅಕ್ಷರ.

ಕಾರಣ ಸರಳ. 'ವಿಧ್ಯಾರ್ಥಿ' ಎಂದು ಬಿದ್ದರೆ ಪರೀಕ್ಷಕರು ಬೇಸರಪಟ್ಟುಕೊಂಡು ಮುಂದೆ ಹೋಗುತ್ತಾರೆ. 'ವ್ಯತ್ಯಾಸವಿಲ್ಲ' ಎಂದಿರಬೇಕಾದಲ್ಲಿ 'ವ್ಯತ್ಯಾಸವಿದೆ' ಎಂದಿದ್ದರೆ ಅಧ್ಯಯನವೇ ತಲೆಕೆಳಗಾಗುತ್ತದೆ. ಇದು ಆಗುವ ಬಗೆಯೂ ಬಹುತೇಕ ಒಂದೇ. ಒಂದು ಕೋಷ್ಟಕದ ಕೆಳಗಿನ ವಿವರಣೆಯನ್ನು ನಕಲು ಮಾಡಿ ಮುಂದಿನ ಕೋಷ್ಟಕದ ಕೆಳಗೆ ಹಾಕಿ, ಸಂಖ್ಯೆಗಳನ್ನಷ್ಟೇ ಬದಲಿಸುತ್ತಾರೆ. ಕೊನೆಯ ಕ್ರಿಯಾಪದ ಹಳೆಯದೇ ಉಳಿಯುತ್ತದೆ. ಉದಾಹರಣೆಗೆ, 100 ಬಾಲಕರು, 100 ಬಾಲಕಿಯರು ಇರುವ ಅಧ್ಯಯನದಲ್ಲಿ ಟಿ ಮೌಲ್ಯ 1.84 ಬಂದಿದೆ ಎನ್ನೋಣ. 0.05 ಮಟ್ಟದಲ್ಲಿ ಕೋಷ್ಟಕದ ಮೌಲ್ಯ ಸುಮಾರು 1.97. ಬಂದದ್ದು ಅದಕ್ಕಿಂತ ಕಡಿಮೆಯಾದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗದು. ಕೆಳಗಿನ ವಾಕ್ಯ ಅದನ್ನೇ ಹೇಳುತ್ತಿದೆಯೇ? ಐದನೆಯ ಅಧ್ಯಾಯದ ಶೋಧನೆಗಳಲ್ಲಿ, ಸಾರಾಂಶದಲ್ಲಿ ಅದೇ ಮಾತಿದೆಯೇ? ಮೂರೂ ಕಡೆ ಬೆರಳಿಟ್ಟು ನೋಡಬೇಕು.

ಹಾಗೆಯೇ ಮಾದರಿಯ ಗಾತ್ರ. ಎರಡು ಗುಂಪುಗಳ ಟಿ ಪರೀಕ್ಷೆಯಲ್ಲಿ ಡಿ.ಎಫ್. ಎಂದರೆ ಒಟ್ಟು ಸಂಖ್ಯೆಯಿಂದ ಎರಡು ಕಳೆದದ್ದು, 200ಕ್ಕೆ 198. ಅಪೂರ್ಣವಾದ ಆರು ಪ್ರಶ್ನಾವಳಿಗಳನ್ನು ಕೈಬಿಟ್ಟಿದ್ದರೆ ಉಳಿಯುವುದು 194, ಡಿ.ಎಫ್. 192. ಆದರೆ ಮೂರನೆಯ ಅಧ್ಯಾಯ 200 ಎನ್ನುತ್ತದೆ, ಒಂದು ಕೋಷ್ಟಕ 198 ಎನ್ನುತ್ತದೆ, ಇನ್ನೊಂದು 192. ಕೈಬಿಟ್ಟದ್ದರಲ್ಲಿ ದೋಷವಿಲ್ಲ, ಕೈಬಿಟ್ಟದ್ದನ್ನು ಒಂದು ಸಾಲಿನಲ್ಲಿ ಹೇಳದಿದ್ದರೆ ಮೌಖಿಕ ಪರೀಕ್ಷೆಯಲ್ಲಿ ದತ್ತಾಂಶದ ಮೇಲೆಯೇ ಅನುಮಾನ ಬರುತ್ತದೆ.

ಇನ್ನು ಅಕ್ಷರಕ್ಕೆ ಬರೋಣ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ನಮ್ಮಲ್ಲಿ ಪದೇಪದೇ ಬರುವುದು ನಮ್ಮ ವಿಷಯದ ಪದಗಳಲ್ಲೇ: ಅದ್ಯಯನ, ಬೋದನೆ, ಮಾದ್ಯಮ, ಪ್ರೌಡಶಾಲೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಇವನ್ನು ಕೆಂಪು ಶಾಯಿಯಲ್ಲಿ ಸುತ್ತುವವರೇ ತಮ್ಮ ಬರಹದಲ್ಲಿ ಕಾಣುವುದಿಲ್ಲ, ಏಕೆಂದರೆ ತಾನು ಬರೆದದ್ದನ್ನು ಓದುವಾಗ ಕಣ್ಣು ಅಕ್ಷರವನ್ನಲ್ಲ, ನೆನಪನ್ನು ಓದುತ್ತದೆ. ಇದಕ್ಕಿಂತ ಕಷ್ಟದ್ದು ತಪ್ಪಾದರೂ ಸರಿಯಾದ ಪದವೇ ಆಗಿರುವಂಥದ್ದು. 'ಸಾಧನೆ' ಮತ್ತು 'ಸಾಧನ' ನೋಡಿ: ಒಂದು ವಿದ್ಯಾರ್ಥಿಯದ್ದು, ಇನ್ನೊಂದು ಸಂಶೋಧಕರದ್ದು. 'ಅನುದಾನಿತ', 'ಅನುದಾನರಹಿತ' ಅದಲುಬದಲಾದರೆ ಯಾವ ತಂತ್ರಾಂಶವೂ ಎಚ್ಚರಿಸದು.

ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಜೋಡಿ ಓದು. ಒಬ್ಬರು ಪೆನ್ಸಿಲ್ ಹಿಡಿದು ಮುದ್ರಿತ ಪ್ರತಿ ನೋಡುತ್ತಾರೆ, ಇನ್ನೊಬ್ಬರು ಮೂಲವನ್ನು ಗಟ್ಟಿಯಾಗಿ, ಅಲ್ಪವಿರಾಮವನ್ನೂ ದಶಮಾಂಶವನ್ನೂ ಬಾಯಿಬಿಟ್ಟು ಹೇಳುತ್ತಾ ಓದುತ್ತಾರೆ. ಹಳೆಯ ಮುದ್ರಣಾಲಯಗಳ ಪದ್ಧತಿಯಿದು. ನಿಧಾನದ ಕೆಲಸ, ಗಂಟಲೂ ನೋಯುತ್ತದೆ. ಕೋಷ್ಟಕಗಳಿಗಂತೂ ಬೇರೆ ದಾರಿ ನನಗೆ ತಿಳಿಯದು. ಜೊತೆಗಾರರು ಗಣಿತದವರಾದರೆ ಕನ್ನಡದವರಿಗೆ, ಕನ್ನಡದವರಾದರೆ ಗಣಿತದವರಿಗೆ ಲಾಭ. ಆದರೆ ಗೆಳೆಯರು ತಿದ್ದಬೇಕಾದದ್ದು ಅಕ್ಷರ, ಅಂಕಿ, ಬಿಟ್ಟುಹೋದ ಪದ. ವಾದವನ್ನೇ ಬರೆದುಕೊಟ್ಟರೆ ಮೊದಲ ಪುಟದ ಘೋಷಣಾ ಪತ್ರಕ್ಕೆ ಅರ್ಥವಿರದು.

ಕಂಪ್ಯೂಟರಿನ ತಪ್ಪುಗಳು ಬೇರೆಯೇ ಜಾತಿಯವು. ನುಡಿಯ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ ಕಡತದಲ್ಲಿ 'ಕಾರ್ಯ' ಹಲವೆಡೆ 'ಕಾರ‍್ಯ' ಆಗಿರುತ್ತದೆ. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿರುತ್ತಾರೆ. 'ಅಂಕ', 'ಅ೦ಕ' ಕಾಗದದ ಮೇಲೆ ಒಂದೇ ತೋರಿದರೂ ಕಂಪ್ಯೂಟರಿಗೆ ಎರಡು ಪದ, ಹುಡುಕಿದರೆ ಅರ್ಧ ಮಾತ್ರ ಸಿಗುತ್ತವೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆಜ್ಞೆಯನ್ನಂತೂ ಕೊನೆಯ ದಿನ ಮುಟ್ಟಬೇಡಿ. 'ಶಿಕ್ಷಕ' ಇರುವಲ್ಲೆಲ್ಲ 'ಉಪಾಧ್ಯಾಯ' ಎಂದು ಬದಲಿಸಿದರೆ 'ಮುಖ್ಯಶಿಕ್ಷಕ' ಎನ್ನುವುದು 'ಮುಖ್ಯಉಪಾಧ್ಯಾಯ' ಆಗಿ ನಿಲ್ಲುತ್ತದೆ. ಸಂಧಿ ಯಂತ್ರಕ್ಕೆ ಗೊತ್ತಿಲ್ಲ.

ಇನ್ನೆರಡು ವಿಷಯ. ಮೂರನೆಯ ಅಧ್ಯಾಯ ಸಾಮಾನ್ಯವಾಗಿ ಸಂಶೋಧನಾ ಪ್ರಸ್ತಾವನೆಯಿಂದ ಎತ್ತಿದ್ದು. ಅಲ್ಲಿ 'ಆಯ್ಕೆ ಮಾಡಲಾಗುವುದು', 'ಸಂಗ್ರಹಿಸಲಾಗುವುದು' ಎಂದಿದ್ದದ್ದು ಈಗ 'ಮಾಡಲಾಯಿತು', 'ಸಂಗ್ರಹಿಸಲಾಯಿತು' ಆಗಬೇಕು. ಪಾರಿಭಾಷಿಕ ಪದವೂ ಒಂದೇ ಇರಲಿ. 'ಗಮನಾರ್ಹ', 'ಸಾರ್ಥಕ', 'ಅರ್ಥಪೂರ್ಣ' ಎಂದು ಮೂರು ಬಗೆಯಾಗಿ ಬರೆದರೆ ಓದುವವರಿಗೆ ಅದು ಮೂರು ಪರಿಕಲ್ಪನೆ. ಪದವೈವಿಧ್ಯ ಪ್ರಬಂಧ ಸ್ಪರ್ಧೆಗೆ ಚೆನ್ನ, ಇಲ್ಲಿಗಲ್ಲ.

ಅನುಬಂಧವನ್ನು ಯಾರೂ ತಿದ್ದುವುದಿಲ್ಲ. ನನ್ನ ಮಟ್ಟಿಗೆ ಅತಿ ಗಂಭೀರವಾದ ತಪ್ಪು ಸಿಗುವುದು ಅಲ್ಲೇ: ಮಕ್ಕಳ ಹೆಸರು, ತರಗತಿ, ಅಂಕಗಳಿರುವ ಪಟ್ಟಿ, ಅಥವಾ ಹೆಸರು ಬರೆದಿರುವ ಉತ್ತರ ಪತ್ರಿಕೆಯ ನಕಲು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಅಧ್ಯಯನವೊಂದರಲ್ಲಿ ಆ ಮಕ್ಕಳ ಹೆಸರೇ ಗ್ರಂಥಾಲಯದ ಕಪಾಟಿನಲ್ಲಿ ವರ್ಷಾನುಗಟ್ಟಲೆ ಕೂರುವುದು ನ್ಯಾಯವಲ್ಲ. ಅಭ್ಯಾಸ ಬೋಧನೆಗೆ ನಮ್ಮನ್ನು ತರಗತಿಯೊಳಗೆ ಬಿಟ್ಟುಕೊಂಡ ಶಾಲೆಗಳ ಮಕ್ಕಳು ಅವರು. ಹೆಸರಿನ ಜಾಗದಲ್ಲಿ ಕ್ರಮಸಂಖ್ಯೆ ಸಾಕು. ಬಿ.ಎಡ್. ವಿದ್ಯಾರ್ಥಿಗಳ ಕ್ರಿಯಾ ಸಂಶೋಧನೆಯ ವರದಿಗೂ ಇದು ಅನ್ವಯಿಸುತ್ತದೆ.

ಆಧಾರ ಗ್ರಂಥಗಳ ಪಟ್ಟಿಗೆ ಒಂದು ಸಂಜೆ ಮೀಸಲಿಡಿ. ಒಳಪುಟಗಳಲ್ಲಿ ಬಂದ ಪ್ರತಿ ಹೆಸರಿಗೂ ಪಟ್ಟಿಯಲ್ಲಿ ಟಿಕ್ ಹಾಕಿ. ಟಿಕ್ ಬೀಳದವು ಏಕಿವೆ ಎಂದು ಕೇಳಿಕೊಳ್ಳಿ. ಇಸವಿ ಎರಡೂ ಕಡೆ ಒಂದೇ ಇರಬೇಕು.

ಪರಿವಿಡಿಯ ಪುಟಸಂಖ್ಯೆ ಎಲ್ಲಕ್ಕಿಂತ ಕೊನೆಗೆ. ಪ್ರತಿ ತಿದ್ದುಪಡಿಗೂ ಪುಟ ಸರಿಯುವುದರಿಂದ ಮೊದಲೇ ನೋಡುವುದು ವ್ಯರ್ಥ. ಡಿ.ಟಿ.ಪಿ.ಯವರು ತಿದ್ದಿಕೊಟ್ಟ ಪುಟದಲ್ಲಿ ಗುರುತು ಹಾಕಿದ ಸಾಲನ್ನಷ್ಟೇ ಅಲ್ಲ, ಅದರ ಮೇಲಿನ ಮತ್ತು ಕೆಳಗಿನ ಸಾಲನ್ನೂ ಓದಿ. ಆಮೇಲೆ ರಕ್ಷಾಪುಟದ ಶೀರ್ಷಿಕೆಯನ್ನೂ ಪ್ರಮಾಣಪತ್ರದ ಶೀರ್ಷಿಕೆಯನ್ನೂ ವಿಶ್ವವಿದ್ಯಾಲಯಕ್ಕೆ ನೋಂದಾಯಿಸಿದ ಶೀರ್ಷಿಕೆಯ ಪಕ್ಕದಲ್ಲಿಟ್ಟು ಪದಕ್ಕೆ ಪದ ಹೋಲಿಸಿ, ಮಾರ್ಗದರ್ಶಕರ ಸಹಿಗೆ ಕೊಡಿ.